ಹಡಗುಕಟ್ಟೆಯಿಂದ ವಿಶ್ವವಿದ್ಯಾಲಯಕ್ಕೆ: ಭಾರತದಲ್ಲಿ ನೌಕಾ ಎಂಜಿನಿಯರಿಂಗ್ ಶಿಕ್ಷಣದ ಹಿನ್ನೆಲೆ

ಭಾರತದ ತಾಂತ್ರಿಕ ಶಿಕ್ಷಣದ ಇತಿಹಾಸವೆಂದರೆ ಬಹುಮಟ್ಟಿಗೆ ನಾಲೆ, ರಸ್ತೆ, ಸೇತುವೆ ಹಾಗೂ ರೈಲುಮಾರ್ಗಗಳ ವಿದ್ಯೆಯ ಇತಿಹಾಸವೆಂದೇ ಭಾವಿಸುವ ವಾಡಿಕೆಯಿದೆ. ಹಡಗನ್ನು ಕಟ್ಟುವ ಮತ್ತು ನಡೆಸುವ ವಿದ್ಯೆಗೆ ಅದರಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪ. 1857ರಲ್ಲಿ ಸ್ಥಾಪಿತವಾದ ಮೂರು ವಿಶ್ವವಿದ್ಯಾಲಯಗಳೂ, ಅಂದರೆ ಕಲ್ಕತ್ತೆ, ಮುಂಬಯಿ ಮತ್ತು ಮದರಾಸು ವಿಶ್ವವಿದ್ಯಾಲಯಗಳು, ಬಂದರು ನಗರಗಳಲ್ಲಿಯೇ ಹುಟ್ಟಿದವು. ಆದರೂ ದೇಶದಲ್ಲಿ ನೌಕಾನಿರ್ಮಾಣ ವಿಜ್ಞಾನವನ್ನು ಪದವಿಯ ವಿಷಯವಾಗಿ ಬೋಧಿಸುವ ಮೊದಲ ವಿಭಾಗ ಆರಂಭವಾದದ್ದು 1952ರಲ್ಲಿ, ಅದೂ ಸಮುದ್ರತೀರದಿಂದ ಒಳನಾಡಿನಲ್ಲಿರುವ ಖರಗ್‌ಪುರದಲ್ಲಿ. ಈ 95 ವರ್ಷಗಳ ಅಂತರಕ್ಕೆ ಭಾರತೀಯರಲ್ಲಿ ಆ ವಿದ್ಯೆಯ ಪರಂಪರೆ ಇರಲಿಲ್ಲವೆಂಬುದು ಕಾರಣವಾಗಲಾರದು. ಪರಂಪರೆಯಿತ್ತು, ಅದನ್ನು ವಿಶ್ವವಿದ್ಯಾಲಯದೊಳಕ್ಕೆ ತರುವ ಬಾಗಿಲು ತೆರೆಯಲಿಲ್ಲ.

ಇಲ್ಲಿ ಎರಡು ವಿದ್ಯೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಒಂದು, ಹಡಗಿನ ಒಡಲನ್ನು ರೂಪಿಸುವ ನೌಕಾನಿರ್ಮಾಣ ವಿಜ್ಞಾನ. ಇನ್ನೊಂದು, ಅದರೊಳಗಿನ ಯಂತ್ರಗಳನ್ನು ವಿನ್ಯಾಸಗೊಳಿಸುವ ಮತ್ತು ನಡೆಸುವ ನೌಕಾಯಂತ್ರ ವಿಜ್ಞಾನ. ಮೊದಲನೆಯದು ಗಣಿತವನ್ನು ಬೇಗನೆ ಅಪ್ಪಿಕೊಂಡಿತು. ಫ್ರಾನ್ಸಿನಲ್ಲಿ ದುಹಾಮೆಲ್ ದು ಮೊಂಸೋ 1741ರಲ್ಲಿಯೇ ನೌಕಾನಿರ್ಮಾಪಕರಿಗಾಗಿ ಪ್ಯಾರಿಸ್ಸಿನಲ್ಲಿ ಶಾಲೆಯೊಂದನ್ನು ತೆರೆದನು. ವಾಲಿದ ಹಡಗು ಮತ್ತೆ ನೆಟ್ಟಗಾಗುವುದೋ ಮಗುಚುವುದೋ ಎಂಬುದನ್ನು ಲೆಕ್ಕದಿಂದ ಹೇಳಬಲ್ಲ 'ಮೆಟಾಸೆಂಟರ್' ಎಂಬ ಪರಿಕಲ್ಪನೆಯನ್ನು ಪಿಯೆರ್ ಬುಗೇರ್ 1746ರ ತನ್ನ ಗ್ರಂಥದಲ್ಲಿ ಮಂಡಿಸಿದನು. ಆತ ಆ ಗ್ರಂಥದ ಬಹುಭಾಗವನ್ನು ರಚಿಸಿದ್ದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಭೂಮಾಪನ ಕಾರ್ಯದಲ್ಲಿದ್ದಾಗ. ಹಡಗಿನ ವಿದ್ಯೆ ಕಡಲಂಚಿನಲ್ಲಿಯೇ ಬೆಳೆಯಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಖರಗ್‌ಪುರಕ್ಕಿಂತ ಬಹು ಹಿಂದಿನ ನಿದರ್ಶನವಿದು.

ಬ್ರಿಟನ್ ಈ ವಿಷಯದಲ್ಲಿ ಹಿಂದುಳಿದಿತ್ತು. ಪೋರ್ಟ್ಸ್‌ಮತ್‌ನಲ್ಲಿ 1811ರಲ್ಲಿ ತೆರೆದ ನೌಕಾನಿರ್ಮಾಣ ಶಾಲೆ 1832ರಲ್ಲಿ ಮುಚ್ಚಿಹೋಯಿತು. 1864ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಪುನಃ ಶಾಲೆಯೊಂದು ಆರಂಭವಾಗಿ 1873ರಲ್ಲಿ ಗ್ರೀನಿಚ್‌ಗೆ ಸ್ಥಳಾಂತರಗೊಂಡಿತು. ಆದುದರಿಂದ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮುಂಬಯಿಯ ಹಡಗುಕಟ್ಟೆಗೂ ಇಂಗ್ಲೆಂಡಿನ ಹಡಗುಕಟ್ಟೆಗೂ ಕಲಿಕೆಯ ಕ್ರಮದಲ್ಲಿ ಇದ್ದ ವ್ಯತ್ಯಾಸ ನಾವು ಊಹಿಸುವಷ್ಟು ದೊಡ್ಡದಾಗಿರಲಿಲ್ಲ. ಎರಡೂ ಕಡೆ ಕೈಕೆಲಸವೇ ಪಾಠ, ಹಿರಿಯ ಬಡಗಿಯೇ ಗುರು.

ಮುಂಬಯಿಯ ಪರಂಪರೆ ಆರಂಭವಾಗುವುದು ಲವ್ಜಿ ನಸರ್ವಾನ್‌ಜಿ ವಾಡಿಯಾ 1736ರಲ್ಲಿ ಸೂರತ್ತಿನಿಂದ ಅಲ್ಲಿಗೆ ಬಂದಾಗ. ಆ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಪ್ರಧಾನ ನಿರ್ಮಾಪಕರ ಪದವಿಯಲ್ಲಿದ್ದು, ಬ್ರಿಟಿಷ್ ನೌಕಾಪಡೆಗೆ ಯುದ್ಧನೌಕೆಗಳನ್ನು ಕಟ್ಟಿಕೊಟ್ಟರು. 1817ರಲ್ಲಿ ನೀರಿಗಿಳಿದ 'ಟ್ರಿಂಕೋಮಲೀ' ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಈ ಹಡಗುಕಟ್ಟೆಗೆ ಬೇಕಾದ ತೇಗದ ಮರ ಮಲಬಾರಿನಿಂದಲೂ ಕನ್ನಡ ಜಿಲ್ಲೆಯ ಕಾಡುಗಳಿಂದಲೂ ಬರುತ್ತಿತ್ತು. 1799ರಲ್ಲಿ ಕನ್ನಡ ಜಿಲ್ಲೆ ಕಂಪನಿಯ ವಶವಾಯಿತು. 1806ರಲ್ಲಿ ಪಶ್ಚಿಮ ಕರಾವಳಿಯ ತೇಗದ ಸರಬರಾಜಿಗೆಂದೇ ಕ್ಯಾಪ್ಟನ್ ವಾಟ್ಸನ್ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡನು. ಅವನು ಹೇರಿದ ಏಕಸ್ವಾಮ್ಯದ ವಿರುದ್ಧ ಎದ್ದ ಅಸಮಾಧಾನದ ಫಲವಾಗಿ 1823ರಲ್ಲಿ, ಥಾಮಸ್ ಮನ್ರೋ ಮದರಾಸಿನ ಗವರ್ನರನಾಗಿದ್ದಾಗ, ಆ ಹುದ್ದೆ ರದ್ದಾಯಿತು. ಕನ್ನಡ ನಾಡಿನ ಕರಾವಳಿ ಈ ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಹೀಗೆ, ಮರ ಒದಗಿಸುವ ನೆಲವಾಗಿ.

ಉಗಿಯಂತ್ರ ಬಂದೊಡನೆ ಕೈವಿದ್ಯೆಯೊಂದರಿಂದಲೇ ಸಾಗದೆಂಬ ಅರಿವು ಮೊದಲು ಮೂಡಿದ್ದು ಕಂಪನಿಯ ಅಧಿಕಾರಿಗಳಿಗಲ್ಲ, ವಾಡಿಯಾ ಮನೆತನದ ಯುವಕರಿಗೆ. 1838ರಲ್ಲಿ ಜಹಾಂಗೀರ್ ನವರೋಜಿ ಮತ್ತು ಹೀರ್ಜಿಭಾಯ್ ಮೇರ್ವಾನ್‌ಜಿ ಎಂಬ ಇಬ್ಬರು ಇಂಗ್ಲೆಂಡಿಗೆ ತೆರಳಿ ಚಾಟಮ್‌ನ ಸರ್ಕಾರಿ ಹಡಗುಕಟ್ಟೆಯಲ್ಲಿ ನೌಕಾನಿರ್ಮಾಣವನ್ನು ಅಭ್ಯಾಸ ಮಾಡಿದರು. ಅಲ್ಲಿ ಕಳೆದ ಎರಡೂವರೆ ವರ್ಷಗಳ ಅನುಭವವನ್ನು ಇಂಗ್ಲಿಷಿನಲ್ಲಿ ಬರೆದು 1841ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಅವರು ಹೋದ ಕಾಲದಲ್ಲಿ ಪೋರ್ಟ್ಸ್‌ಮತ್‌ನ ಶಾಲೆ ಮುಚ್ಚಿ ಆರು ವರ್ಷಗಳಾಗಿದ್ದವು. ಬಯಸಿದ್ದರೂ ಅವರು ಸೇರಬಹುದಾಗಿದ್ದ ನೌಕಾನಿರ್ಮಾಣ ಶಾಲೆ ಆಗ ಅಲ್ಲಿ ಇರಲಿಲ್ಲವೆಂಬುದನ್ನು ಅವರ ಪ್ರವಾಸಕಥನವನ್ನು ಓದುವವರು ನೆನಪಿಡಬೇಕು.

ಅದೇ ಮನೆತನದ ಅರ್ದಶೀರ್ ಕರ್ಸೆಟ್‌ಜಿಯ (1808–1877) ಕಥೆ ಇನ್ನೂ ಹೆಚ್ಚಿನ ಗಮನಕ್ಕೆ ಯೋಗ್ಯ. ಮಜಗಾಂವಿನಲ್ಲಿ ಸ್ವಂತವಾಗಿ ಚಿಕ್ಕ ಉಗಿನೌಕೆಯೊಂದನ್ನು ಕಟ್ಟಿದ ಈತ, ತನ್ನ ಮನೆಗೆ ಅನಿಲದೀಪವನ್ನು ಅಳವಡಿಸಿ ಮುಂಬಯಿಯ ಜನರನ್ನು ಬೆರಗುಗೊಳಿಸಿದ್ದನು. ಉಗಿಯಂತ್ರಗಳ ವಿದ್ಯೆಯನ್ನು ಮೂಲದಲ್ಲಿಯೇ ಅರಿಯುವ ಹಂಬಲದಿಂದ 1839ರಲ್ಲಿ ಇಂಗ್ಲೆಂಡಿಗೆ ಹೋದನು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ಫೆಲೋ ಆಗಿ ಆರಿಸಿತು. ಆ ಗೌರವ ಪಡೆದ ಮೊದಲ ಭಾರತೀಯ ಅವನೇ. ಎರಡನೆಯ ಭಾರತೀಯ ಫೆಲೋ ಶ್ರೀನಿವಾಸ ರಾಮಾನುಜನ್ ಆಯ್ಕೆಯಾಗುವ ವೇಳೆಗೆ 1918 ಬಂದಿತ್ತು. ಅದೇ 1841ರಲ್ಲಿ ಅರ್ದಶೀರ್ ಮುಂಬಯಿಯ ಕಂಪನಿ ಉಗಿಯಂತ್ರ ಕಾರ್ಖಾನೆಯ ಪ್ರಧಾನ ಎಂಜಿನಿಯರ್ ಆದನು. ಯೂರೋಪಿಯನ್ ಕುಶಲಕರ್ಮಿಗಳು ಭಾರತೀಯನೊಬ್ಬನ ಕೈಕೆಳಗೆ ದುಡಿಯಬೇಕಾಗಿ ಬಂದದ್ದು ಆ ಕಾಲಕ್ಕೆ ಅಪರೂಪದ ಸಂಗತಿಯಾಗಿತ್ತು.

ಅರ್ದಶೀರ್ ಈ ಹುದ್ದೆಯಿಂದ ನಿವೃತ್ತನಾದದ್ದು 1857ರಲ್ಲಿ, ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದ ವರ್ಷದಲ್ಲಿಯೇ. ಒಂದೇ ನಗರದಲ್ಲಿ, ಒಂದೇ ವರ್ಷದಲ್ಲಿ ಒಂದು ಪರಂಪರೆ ಹಿಂದೆ ಸರಿಯಿತು, ಇನ್ನೊಂದು ಹುಟ್ಟಿತು, ಎರಡೂ ಕೂಡಲಿಲ್ಲ. ಇದನ್ನು ಕೇವಲ ಆಕಸ್ಮಿಕವೆನ್ನುವಂತಿಲ್ಲ. 1847ರ ರೂರ್ಕಿ, 1854ರ ಪುಣೆ, 1856ರ ಕಲ್ಕತ್ತೆ ಹೀಗೆ ಆಗ ಹುಟ್ಟಿದ ಎಂಜಿನಿಯರಿಂಗ್ ಶಾಲೆಗಳ ಮುಖ್ಯ ಉದ್ದೇಶ ಲೋಕೋಪಯೋಗಿ ಇಲಾಖೆಗೆ ನೌಕರರನ್ನು ಒದಗಿಸುವುದಾಗಿತ್ತು. ಆ ಇಲಾಖೆಗೆ ನಾಲೆ ಬೇಕಿತ್ತು, ಹಡಗು ಬೇಕಿರಲಿಲ್ಲ. ಮರದ ಹಡಗಿನ ಸ್ಥಾನವನ್ನು ಕಬ್ಬಿಣದ ಹಡಗು ಆಕ್ರಮಿಸಿದಂತೆ ಭಾರತಕ್ಕೆ ಬೇಕಾದ ನೌಕೆಗಳು ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಡದಿಂದ ಬರತೊಡಗಿದವು. ವಾಡಿಯಾಗಳ ಕೈಗೆ ಪಳಗಿದ್ದ ತೇಗಕ್ಕೆ ಬೇಡಿಕೆ ಕುಗ್ಗಿತು. ನೌಕಾಯಂತ್ರ ವಿಜ್ಞಾನದ ಹಾದಿಯಾದರೂ ಬೇರೆ ದಿಕ್ಕಿನಲ್ಲಿತ್ತು: ಬ್ರಿಟನ್ನಿನ 1862ರ ಕಾನೂನು ವಿದೇಶಯಾನದ ಉಗಿಹಡಗುಗಳ ಎಂಜಿನಿಯರರಿಗೆ ಸಾಮರ್ಥ್ಯಪತ್ರವನ್ನು ಕಡ್ಡಾಯಗೊಳಿಸಿತು. ಕಾರ್ಖಾನೆಯಲ್ಲಿ ದುಡಿದು, ಕಡಲಯಾನ ಮಾಡಿ, ಸರ್ಕಾರದ ಪರೀಕ್ಷೆಗೆ ಕುಳಿತು ಪಡೆಯಬೇಕಾದ ಪತ್ರವದು. ವಿಶ್ವವಿದ್ಯಾಲಯಕ್ಕೆ ಅಲ್ಲಿ ಪಾತ್ರವಿರಲಿಲ್ಲ.

ಕ್ಲೈಡ್ ದಡದಲ್ಲಿ ನಡೆದುದನ್ನು ಇದರೊಡನೆ ಹೋಲಿಸಬಹುದು. ಸಂಯುಕ್ತ ಉಗಿಯಂತ್ರವನ್ನು ಹಡಗಿಗೆ ಯಶಸ್ವಿಯಾಗಿ ಅಳವಡಿಸಿ ಕಲ್ಲಿದ್ದಲಿನ ವೆಚ್ಚವನ್ನು ಗಣನೀಯವಾಗಿ ಇಳಿಸಿದ ಜಾನ್ ಎಲ್ಡರ್ 1869ರಲ್ಲಿ ತೀರಿಕೊಂಡನು. ಆತನ ಪತ್ನಿ ಇಸಬೆಲ್ಲಾ ಎಲ್ಡರ್ 1883ರಲ್ಲಿ 12,500 ಪೌಂಡುಗಳ ದತ್ತಿಯಿತ್ತು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ನೌಕಾನಿರ್ಮಾಣದ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿದಳು. ಫ್ರಾನ್ಸಿಸ್ ಎಲ್ಗರ್ ಅದರ ಮೊದಲ ಪ್ರಾಧ್ಯಾಪಕ. ವಿದ್ಯಾರ್ಥಿಗಳು ಚಳಿಗಾಲದಲ್ಲಿ ತರಗತಿಯಲ್ಲಿದ್ದು ಬೇಸಿಗೆಯಲ್ಲಿ ಹಡಗುಕಟ್ಟೆಗೆ ಮರಳಿ ದುಡಿಯುವ ಕ್ರಮ ಅಲ್ಲಿತ್ತು. ಹಡಗುಕಟ್ಟೆಯನ್ನು ತೊರೆಯದೆಯೇ ವಿಶ್ವವಿದ್ಯಾಲಯವನ್ನು ಪ್ರವೇಶಿಸುವ ಈ ಸೌಲಭ್ಯವೇ ಮುಂಬಯಿಗೆ ದೊರೆಯದೆ ಹೋದದ್ದು. ಜಪಾನ್ ಅದನ್ನು ಬೇಗನೆ ಗುರುತಿಸಿತು. ಗ್ಲಾಸ್ಗೋದಲ್ಲಿ ಓದಿದ ಹೆನ್ರಿ ಡೈಯರ್‌ನನ್ನು ಪ್ರಾಂಶುಪಾಲನನ್ನಾಗಿ ಕರೆಸಿ 1873ರಲ್ಲಿ ಟೋಕಿಯೋದಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು; 1886ರಲ್ಲಿ ಅದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿಲೀನಗೊಂಡಿತು. ಟೋಕಿಯೋದಲ್ಲಿ ನೌಕಾನಿರ್ಮಾಣವನ್ನು ಬೋಧಿಸಿದ್ದ ಪರ್ಸಿ ಹಿಲ್‌ಹೌಸ್ ಮುಂದೆ ಗ್ಲಾಸ್ಗೋದ ಎಲ್ಡರ್ ಪೀಠಕ್ಕೇ ಪ್ರಾಧ್ಯಾಪಕನಾದನು. ಸ್ವತಂತ್ರ ರಾಷ್ಟ್ರವೊಂದು ಹದಿಮೂರು ವರ್ಷಗಳಲ್ಲಿ ಮಾಡಿದ ಕೆಲಸಕ್ಕೆ ಪರಾಧೀನ ದೇಶವೊಂದು ಸುಮಾರು ಒಂದು ಶತಮಾನ ಕಾಯಬೇಕಾಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಭಾರತದಲ್ಲಿ ಮುಂದಿನ ಹೆಜ್ಜೆ ರಾಜಕೀಯ ಒತ್ತಡದಿಂದ ಬಂದಿತು. ಭಾರತೀಯರಿಗೆ ವಾಣಿಜ್ಯ ನೌಕಾಯಾನದಲ್ಲಿ ಅವಕಾಶ ಬೇಕೆಂಬ ಬೇಡಿಕೆಯ ಹಿನ್ನೆಲೆಯಲ್ಲಿ 1923ರಲ್ಲಿ ಸಮಿತಿಯೊಂದು ನೇಮಕವಾಗಿ, ಅದರ ಶಿಫಾರಸಿನಂತೆ 1927ರಲ್ಲಿ 'ಡಫರಿನ್' ಎಂಬ ತರಬೇತಿ ಹಡಗು ಮುಂಬಯಿಯಲ್ಲಿ ಆರಂಭವಾಯಿತು. ಮೊದಲಿಗೆ ಅಲ್ಲಿ ನೌಕಾಧಿಕಾರಿಗಳ ತರಬೇತಿಯಷ್ಟೇ ಇತ್ತು; ಯಂತ್ರವಿದ್ಯೆಯ ಅಭ್ಯರ್ಥಿಗಳಿಗೆ ಪ್ರವೇಶ ದೊರೆತದ್ದು 1935ರಲ್ಲಿ. ಸ್ವಾತಂತ್ರ್ಯಾನಂತರ, 1949ರಲ್ಲಿ, ನೌಕಾ ಎಂಜಿನಿಯರಿಂಗ್ ತರಬೇತಿ ನಿರ್ದೇಶನಾಲಯ ಸ್ಥಾಪನೆಗೊಂಡು ಕಲ್ಕತ್ತೆ ಮತ್ತು ಮುಂಬಯಿಗಳಲ್ಲಿ ಕೇಂದ್ರಗಳನ್ನು ಹೊಂದಿತು. ಇಲ್ಲಿಯೂ ಹಳೆಯ ಗಡಿ ಅಳಿಯಲಿಲ್ಲ. ಶಿಕ್ಷಣದ ಮಟ್ಟ ಉನ್ನತವಾಗಿದ್ದರೂ ತೇರ್ಗಡೆಯಾದವರ ಕೈಗೆ ಬಹುಕಾಲ ಬರುತ್ತಿದ್ದುದು ನಿರ್ದೇಶನಾಲಯದ ಪ್ರಮಾಣಪತ್ರ. ವಿಶ್ವವಿದ್ಯಾಲಯದ ಪದವಿ ಅನಂತರದ ಬೆಳವಣಿಗೆ. ಕಡಲಿನಲ್ಲಿ ಇದರಿಂದ ತೊಂದರೆಯಿರಲಿಲ್ಲ, ಅಲ್ಲಿ ಸಾಮರ್ಥ್ಯಪತ್ರವೇ ಪ್ರಮಾಣ. ಆದರೆ ನೆಲಕ್ಕೆ ಮರಳಿ ಉನ್ನತ ವ್ಯಾಸಂಗವನ್ನೋ ಸಂಶೋಧನೆಯನ್ನೋ ಬಯಸಿದವನಿಗೆ ಪದವಿಯ ಪ್ರಶ್ನೆ ಎದುರಾಗುವುದು ಸಹಜವಾಗಿತ್ತು.

ನೌಕಾನಿರ್ಮಾಣದ ಕಡೆಗೆ ಹಾದಿ ಸುಗಮವಾಯಿತು. ವಾಲ್‌ಚಂದ್ ಹೀರಾಚಂದ್ ವಿಶಾಖಪಟ್ಟಣದಲ್ಲಿ ಆರಂಭಿಸಿದ ಸಿಂಧಿಯಾ ಹಡಗುಕಟ್ಟೆಯಿಂದ 1948ರಲ್ಲಿ 'ಜಲ ಉಷಾ' ನೀರಿಗಿಳಿದಿತ್ತು. ನಾಲ್ಕು ವರ್ಷಗಳಲ್ಲಿ ಖರಗ್‌ಪುರದ ವಿಭಾಗ ಬಂದಿತು. ಕೊಚ್ಚಿ, ಮದರಾಸುಗಳಲ್ಲಿ ಎಪ್ಪತ್ತರ ದಶಕದಲ್ಲಿ ಇಂಥ ವಿಭಾಗಗಳು ಹುಟ್ಟಿದವು. 2008ರಲ್ಲಿ ಸಂಸತ್ತಿನ ಶಾಸನದ ಮೂಲಕ ಚೆನ್ನೈಯಲ್ಲಿ ಕೇಂದ್ರಸ್ಥಾನವಿರುವ ಭಾರತೀಯ ಕಡಲಯಾನ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದು, ಕೋಲ್ಕತ್ತಾ ಮತ್ತು ಮುಂಬಯಿಗಳ ಹಳೆಯ ಸರ್ಕಾರಿ ತರಬೇತಿ ಸಂಸ್ಥೆಗಳನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಕೋಲ್ಕತ್ತಾದ ತಾರಾತಲಾದಲ್ಲಿರುವ ಆ ಸಂಸ್ಥೆಯಿಂದಲೇ 1999ರಲ್ಲಿ ಸೋನಾಲಿ ಬ್ಯಾನರ್ಜಿ ತೇರ್ಗಡೆಯಾಗಿ ದೇಶದ ಮೊದಲ ಮಹಿಳಾ ನೌಕಾ ಎಂಜಿನಿಯರ್ ಎನಿಸಿದರು. ಗ್ಲಾಸ್ಗೋದಲ್ಲಿ ಮಹಿಳೆಯೊಬ್ಬಳು ಪೀಠವನ್ನು ಸ್ಥಾಪಿಸಿ ಆಗ 116 ವರ್ಷಗಳು ಸಂದಿದ್ದವು.

ಕರ್ನಾಟಕದ ಕರಾವಳಿಯಲ್ಲಿ ಈ ವಿದ್ಯೆ ಬೇರೊಂದು ರೂಪ ತಾಳಿತು. 1960ರಲ್ಲಿ ಸುರತ್ಕಲ್ಲಿನಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು; ಅದರ ಸಮೀಪದ ಪಣಂಬೂರಿನಲ್ಲಿ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾಯಿತು. ಎರಡರ ಹಿಂದೆಯೂ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ (1902–1965) ಶ್ರಮವಿತ್ತು. ಬಂದರು ಪೂರ್ಣಗೊಂಡುದನ್ನು ನೋಡಲು ಅವರು ಉಳಿದಿರಲಿಲ್ಲ. 2002ರಿಂದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿರುವ ಈ ಕಾಲೇಜಿನಲ್ಲಿ ಸ್ನಾತಕೋತ್ತರ ವಿಷಯವಾಗಿ ಬೆಳೆದದ್ದು ಹಡಗಿನ ಒಡಲಲ್ಲ. ಅಲೆತಡೆ, ಧಕ್ಕೆ, ದಡರಕ್ಷಣೆಗಳನ್ನು ಒಳಗೊಂಡ ಸಾಗರ ರಚನೆಗಳ ಶಾಸ್ತ್ರ. ಅಲೆಯನ್ನು ಕೃತಕವಾಗಿ ಎಬ್ಬಿಸಿ ಅಲೆತಡೆಯ ಮಾದರಿಗಳನ್ನು ಪರೀಕ್ಷಿಸುವ ತೊಟ್ಟಿ ಅಲ್ಲಿದೆ. ಹಡಗನ್ನೇ ವಿನ್ಯಾಸಗೊಳಿಸಲು ಕಲಿಯಬಯಸುವ ಕನ್ನಡ ವಿದ್ಯಾರ್ಥಿ ಕೊಚ್ಚಿಗೋ ಚೆನ್ನೈಗೋ ಖರಗ್‌ಪುರಕ್ಕೋ ಹೋಗುತ್ತಾನೆ.