ಕೋಲು, ದಂಡ, ಲಾಠಿ, ಬ್ಯಾಟನ್

ತೆಲುಗಿನಲ್ಲಿ ಬಡಿ ಎಂದರೆ ಶಾಲೆ. ಕನ್ನಡದಲ್ಲಿ ಬಡಿ ಎಂದರೆ ಹೊಡೆ. ನಾರಾಯಣಪೇಟೆ, ಮಖ್ತಲ್ ಕಡೆ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವ ನಮಗೆ ಎರಡೂ ಅರ್ಥ ಒಂದೇ ಕೋಣೆಯಲ್ಲಿ ಕೇಳಿಸುತ್ತವೆ. ಕಟ್ಟೆಯೂ ಹಾಗೆಯೇ. ನಮಗದು ಮರದ ಸುತ್ತಲಿನ ಜಗಲಿ, ಪಕ್ಕದ ಮನೆಯ ತೆಲುಗಿನವರಿಗೆ ಕಟ್ಟಿಗೆ. ಕೋಲು ಮಾತ್ರ ಇಂಥ ತಂಟೆ ತರಲಿಲ್ಲ. ಅವರಿಗೆ ಕೋಲ, ನಮಗೆ ಕೋಲು. ಕೋಲಾಟ ಇಬ್ಬರಿಗೂ ಒಂದೇ.

ರಿಲೇ ಓಟದ ಬ್ಯಾಟನ್‌ಗೆ ಕನ್ನಡದಲ್ಲಿ ಏನನ್ನಬೇಕು ಸರ್ ಎಂದು ಮಕ್ಕಳು ಕೇಳುತ್ತಾರೆ. ಮೂಲ ಫ್ರೆಂಚಿನಲ್ಲಿ ಅದು ಬರೀ ಕೋಲು. ಇಂಗ್ಲಿಷಿಗೆ ಬಂದ ಮೇಲೆ ಓಟಗಾರರ ಕೈಯ ಕೊಳವೆ, ವಾದ್ಯವೃಂದ ನಡೆಸುವವರ ಕಡ್ಡಿ, ಪೊಲೀಸರ ಲಾಠಿ ಎಲ್ಲವೂ ಆಯಿತು. ಕೊಡಗಿನ ಕಾರ್ಯಪ್ಪನವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯೊಡನೆ ಕೊಟ್ಟದ್ದೂ ಬ್ಯಾಟನ್ನೇ.

ಈ ಕೊನೆಯ ಅರ್ಥ ನಮಗೆ ಹೊಸದಲ್ಲ. ಸಂಸ್ಕೃತದ ದಂಡವೂ ಮೊದಲು ಕೋಲೇ. ಮುಂದೆ ಅದೇ ಶಿಕ್ಷೆಯಾಯಿತು, ಜುಲ್ಮಾನೆಯಾಯಿತು, ಸೈನ್ಯವೂ ಆಯಿತು. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ದಂಡನಾಯಕರು ಮತ್ತೆ ಮತ್ತೆ ಸಿಗುತ್ತಾರೆ. (ಕನ್ನಡ ಶಾಸನ ನೋಡಲು ದೂರ ಹೋಗಬೇಕಿಲ್ಲ, ಗದ್ವಾಲ ಜಿಲ್ಲೆಯ ಆಲಂಪುರದಲ್ಲೇ ಇವೆ.) ಆಮೇಲೆ ಪಾರಸಿ ಬಂತು. ಅದರಲ್ಲಿ ಚೋಬ್ ಎಂದರೆ ಕೋಲು. ದರ್ಬಾರಿನಲ್ಲಿ ಬೆಳ್ಳಿಕೋಲು ಹಿಡಿದು ಮುಂದೆ ನಡೆಯುವವನು ಚೋಬದಾರ. ಲಾಠಿ ಹಿಂದಿಯ ಕೊಡುಗೆ. ಆಳುವವರು ಬದಲಾದಂತೆ ಅವರ ಕೈಯ ಕೋಲಿನ ಹೆಸರೂ ಬದಲಾಗಿದೆ. ಊರವರದು ಬದಲಾಗಲಿಲ್ಲ: ಮುದುಕರಿಗೆ ಊರುಗೋಲು, ಅಂಗಡಿಗೆ ಅಳತೆಗೋಲು, ಜಗಳಕ್ಕೆ ಬಡಿಗಿ.

ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಆ ವರ್ಷ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಇವೆರಡು ಆಂಧ್ರದ ಪಾಲಾದವು. ಮಖ್ತಲ್, ನಾರಾಯಣಪೇಟೆ ಅದಕ್ಕೂ ಮೊದಲೇ ಮಹಬೂಬನಗರದಲ್ಲಿದ್ದವು. ನಕ್ಷೆಯ ಮೇಲೆ ಗೆರೆ ಎಳೆದದ್ದೂ ಒಂದು ಕೋಲೇ ಅನ್ನಿ! ಕಚೇರಿ, ಪೇಟೆ ಎಲ್ಲ ತೆಲುಗಾಯಿತು. ಪೇಟೆಯಲ್ಲಿ ಕರ್ರ ಅನ್ನುವ ಹುಡುಗ ಮನೆಯಲ್ಲಿ ಬಡಿಗಿ ಅನ್ನುತ್ತಾನೆ, ಉತ್ತರಪತ್ರಿಕೆಯಲ್ಲಿ ಕೆಲವೊಮ್ಮೆ ಕರ್ರ ಎಂದೇ ಬರೆಯುತ್ತಾನೆ. ಅದಕ್ಕೆ ತಪ್ಪು ಹಾಕಬೇಕೇ? ನಾವು ಪಕ್ಕದಲ್ಲಿ ಕೋಲು ಎಂದು ಬರೆಯುತ್ತೇವೆ, ಅಂಕ ಕಳೆಯುವುದಿಲ್ಲ. ಎರಡು ಭಾಷೆ ಹೊತ್ತು ಬರುವ ಮಗುವಿಗೆ ಒಂದನ್ನು ಕಲಿತದ್ದಕ್ಕೆ ದಂಡ ಹಾಕಿದರೆ, ಅದು ನಾಳೆ ಕನ್ನಡ ಶಾಲೆಯನ್ನೇ ಬಿಟ್ಟೀತು.

ಮೇಷ್ಟರ ಬೆತ್ತಕ್ಕಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ ತರಗತಿಯಲ್ಲಿ ಜಾಗ ಉಳಿಸಿಲ್ಲ, ಒಳ್ಳೆಯದೇ ಆಯಿತು. ಬ್ಯಾಟನ್‌ಗೆ ನಮ್ಮ ಮಕ್ಕಳೇ ‘ಓಟದ ಕೋಲು’ ಎಂದರು. ಹಲಗೆಯ ಮೇಲೆ ಅದನ್ನೇ ಬರೆದೆವು.