ಸಿಲಿಕಾನ್ ಕಣಿವೆಯ ಗುಪ್ತ ಕರಾರು



ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಸರಕಿನ ಬೆಲೆ ಏರಿಸಿದರೆ ಅದು ಮೋಸವೆಂದು ನಾವೆಲ್ಲ ಬಲ್ಲೆವು. ಕಂಪನಿಗಳು ಹಾಗೆಯೇ ಮಾತಾಡಿಕೊಂಡು ನೌಕರನ ದುಡಿಮೆಯ ಬೆಲೆ ಏರದಂತೆ ತಡೆದರೆ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಿಲಿಕಾನ್ ಕಣಿವೆಯ ಕಂಪನಿಗಳ ಮೇಲೆ ಬಂದ ಆರೋಪ ಇದೇ.

2005ರಿಂದ 2009ರ ಅವಧಿಯಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ, ಇಂಟ್ಯೂಟ್, ಪಿಕ್ಸಾರ್ ಮತ್ತು ಲ್ಯೂಕಸ್‌ಫಿಲ್ಮ್ ಕಂಪನಿಗಳ ಹಿರಿಯ ಅಧಿಕಾರಿಗಳು ಇಬ್ಬಿಬ್ಬರಾಗಿ ಕರಾರು ಮಾಡಿಕೊಂಡಿದ್ದರು. ಒಬ್ಬರ ನೌಕರರಿಗೆ ಇನ್ನೊಬ್ಬರು ತಾವಾಗಿ ಫೋನ್ ಮಾಡಿ ಕೆಲಸಕ್ಕೆ ಕರೆಯಬಾರದು ಎಂಬುದೇ ಅದರ ತಿರುಳು.

ಇದರಿಂದ ನೌಕರನಿಗೇನು ನಷ್ಟ ಎನ್ನುವಿರಾ? ಅರ್ಜಿಯನ್ನೇ ಹಾಕದವನಿಗೆ ಬೇರೆ ಕಡೆಯಿಂದ ಕರೆ ಬಂದಾಗಲೇ ತನ್ನ ವಿದ್ಯೆಗೆ ಎಷ್ಟು ಬೆಲೆಯಿದೆ ಎಂದು ತಿಳಿಯುತ್ತದೆ. ಕೆಲಸ ಬಿಡದಿದ್ದರೂ ಅದನ್ನೇ ಮುಂದಿಟ್ಟು ಹೆಚ್ಚು ಸಂಬಳ ಕೇಳಬಹುದು. ಆ ಬಾಗಿಲು ಮುಚ್ಚಿತ್ತು. ಮುಚ್ಚಿದೆ ಎಂಬುದೂ ನೌಕರರಿಗೆ ಗೊತ್ತಿರಲಿಲ್ಲ.

ಎಲ್ಲರೂ ಇದಕ್ಕೆ ತಲೆಬಾಗಲಿಲ್ಲ. 2007ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಪಾಮ್ ಕಂಪನಿಯ ಮುಖ್ಯಸ್ಥ ಎಡ್ವರ್ಡ್ ಕಾಲಿಗನ್ ಅವರ ಮುಂದೆಯೂ ಇಂಥದೇ ಪ್ರಸ್ತಾಪವಿಟ್ಟರು. ಒಪ್ಪದಿದ್ದರೆ ಪೇಟೆಂಟ್ ಮೊಕದ್ದಮೆ ಬರಬಹುದೆಂಬ ಬೆದರಿಕೆಯೂ ಅದರಲ್ಲಿತ್ತು. ಕಾಲಿಗನ್ ಜಗ್ಗಲಿಲ್ಲ. ಇದು ತಪ್ಪು ಮಾತ್ರವಲ್ಲ, ಬಹುಶಃ ಕಾನೂನುಬಾಹಿರವೂ ಹೌದು ಎಂದು ಉತ್ತರ ಬರೆದರು.

2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಈ ಕಂಪನಿಗಳ ಮೇಲೆ ದಾವೆ ಹೂಡಿತು. ಆಧಾರವಾದದ್ದು 1890ರ ಶರ್ಮನ್ ಕಾಯಿದೆ. ವ್ಯಾಪಾರಿಗಳ ಒಳಸಂಚು ತಡೆಯಲು ಹುಟ್ಟಿದ ಆ ಹಳೆಯ ಕಾಯಿದೆ ಕಂಪ್ಯೂಟರ್ ಯುಗದ ನೌಕರರಿಗೂ ಆಸರೆಯಾಯಿತು. ಕಂಪನಿಗಳು ತಪ್ಪೊಪ್ಪಿಕೊಳ್ಳದೆ, ಇಂಥ ಕರಾರು ಮುಂದೆ ಮಾಡುವುದಿಲ್ಲವೆಂದು ಒಪ್ಪಿದವು. ಆದರೆ ನೌಕರರ ಕೈಗೆ ಬಿಡಿಗಾಸೂ ಬರಲಿಲ್ಲ.

2011ರಲ್ಲಿ ಲ್ಯೂಕಸ್‌ಫಿಲ್ಮ್‌ನ ಮಾಜಿ ಇಂಜಿನಿಯರ್ ಒಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು. ಒಬ್ಬರ ದಾವೆ ಸುಮಾರು 64,000 ನೌಕರರ ದಾವೆಯಾಗಿ ಬೆಳೆಯಿತು. 2013ರಲ್ಲಿ ಇಂಟ್ಯೂಟ್, ಪಿಕ್ಸಾರ್, ಲ್ಯೂಕಸ್‌ಫಿಲ್ಮ್ ಕಂಪನಿಗಳು 2 ಕೋಟಿ ಡಾಲರಿಗೆ ರಾಜಿಯಾದವು. ಮರುವರ್ಷ ಉಳಿದ ನಾಲ್ಕು ಕಂಪನಿಗಳು 32.45 ಕೋಟಿ ಡಾಲರ್ ಕೊಡಲು ಮುಂದಾದಾಗ ವಕೀಲರೂ ಒಪ್ಪಿದರು. ದಾವೆ ಹೂಡಿದವರಲ್ಲೇ ಒಬ್ಬ ನೌಕರರು ಮಾತ್ರ ಇದು ಸಾಲದೆಂದು ತಕರಾರು ತೆಗೆದರು. ನ್ಯಾಯಾಧೀಶೆ ಲೂಸಿ ಕೋ ಆ ರಾಜಿಯನ್ನು ತಳ್ಳಿಹಾಕಿದರು. ಕೊನೆಗೆ 2015ರಲ್ಲಿ 41.5 ಕೋಟಿ ಡಾಲರಿಗೆ ತೀರ್ಮಾನವಾಯಿತು.

ನಾಳೆ ನೀವೂ ನೌಕರಿಗೆ ಸೇರುವವರು. ಕಲಿತ ವಿದ್ಯೆ ಕಲಿತವರ ಸ್ವತ್ತು, ಮಾಲೀಕರದಲ್ಲ. ಕೆಲಸವನ್ನು ಶ್ರದ್ಧೆಯಿಂದ ಕಲಿಯಿರಿ. ಆ ಕೆಲಸವನ್ನು ಕಾಯುವ ಕಾಯಿದೆಯನ್ನೂ ಓದಿಕೊಳ್ಳಿ. ಅನ್ಯಾಯವೆಂದು ಕಂಡಾಗ ಕೇಳಲು ಹಿಂಜರಿಯಬೇಡಿ. 64,000 ಜನರ ಪಾಲು ಹೆಚ್ಚಿದ್ದು ಒಬ್ಬರು ಕೇಳಿದ್ದರಿಂದಲೇ.