ಜಾರುವ ದಾರಿ: ಕುವೈತ್ ಕಿರುತೆರೆಯ ಕುಟುಂಬ ಪ್ರಹಸನದಲ್ಲಿ ಹಣ, ಮನೆ, ಅಮ್ಮ

1977ರಲ್ಲಿ ಕುವೈತ್ ದೂರದರ್ಶನದಲ್ಲಿ ಹದಿಮೂರು ಕಂತುಗಳ ಒಂದು ಹಾಸ್ಯ ಧಾರಾವಾಹಿ ಬಂತು. ಅದರ ಹೆಸರು ‘ದರ್ಬ್ ಅಲ್ ಝಲಗ್’. ದರ್ಬ್ ಎಂದರೆ ದಾರಿ, ಝಲಗ್ ಎಂದರೆ ಜಾರುವುದು. ಬಿದ್ದು ಎದ್ದು ನಗಿಸುವ ಹಾಸ್ಯಕ್ಕೆ ಬಾಳೆಹಣ್ಣಿನ ಸಿಪ್ಪೆ ಎಷ್ಟು ಅಗತ್ಯವೆಂಬುದು ಎಲ್ಲರಿಗೂ ಗೊತ್ತಿದೆ. ಕುವೈತಿನವರು ಆ ಸಿಪ್ಪೆಯನ್ನು ಶೀರ್ಷಿಕೆಯಲ್ಲೇ ಹಾಕಿಟ್ಟರು. ಆದರೆ ಧಾರಾವಾಹಿಯನ್ನು ನೋಡುತ್ತ ಹೋದರೆ, ಅಲ್ಲಿ ಜಾರುವುದು ಮುಖ್ಯವಾಗಿ ಕಾಲಲ್ಲ, ಕೈ. ಕೈಗೆ ಬಂದ ಹಣ ಜಾರುತ್ತದೆ. ಈ ಒಂದು ಪಲ್ಲಟವೇ ಕುವೈತಿನ ಕುಟುಂಬ ಪ್ರಹಸನವನ್ನು ಉಳಿದ ಕಡೆಯ ಸ್ಲಾಪ್‌ಸ್ಟಿಕ್‌ನಿಂದ ಬೇರೆಯಾಗಿಸುತ್ತದೆ ಎಂಬುದು ಈ ಲೇಖನದ ವಾದ.

ಸ್ಲಾಪ್‌ಸ್ಟಿಕ್ ಎಂಬುದು ಮೂಲತಃ ಒಂದು ರಂಗಪರಿಕರ. ಇಟಲಿಯ ಕೊಮೆದಿಯಾ ದೆಲ್ ಆರ್ತೆಯ ವಿದೂಷಕರು ಎರಡು ತೆಳು ಹಲಗೆಗಳನ್ನು ಜೋಡಿಸಿ ಹಿಡಿದು ಹೊಡೆಯುತ್ತಿದ್ದರು. ಸದ್ದು ದೊಡ್ಡದು, ಪೆಟ್ಟು ಸಣ್ಣದು. ನಮ್ಮಲ್ಲಿ ನಾಟ್ಯಶಾಸ್ತ್ರದ ಭರತನು ಹಾಸ್ಯರಸಕ್ಕೆ ಹೇಳುವ ವಿಭಾವಗಳಲ್ಲಿ, ಅಂದರೆ ನಗು ಹುಟ್ಟಿಸುವ ಕಾರಣಗಳಲ್ಲಿ, ವಿಕೃತ ವೇಷ, ವಿಕೃತ ಅಲಂಕಾರ ಮೊದಲು ಬರುತ್ತವೆ. ಅವನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ಒಡೆಯುತ್ತಾನೆ: ತಾನೇ ನಗುವುದು ಒಂದು, ಇನ್ನೊಬ್ಬರನ್ನು ನಗಿಸುವುದು ಇನ್ನೊಂದು. ಈ ಜೋಡಿಯನ್ನು ನಾನು ಇಲ್ಲಿ ಸ್ವಲ್ಪ ಹಿಗ್ಗಿಸಿಕೊಂಡು, ಒಂದು ಸಮಾಜ ತನ್ನನ್ನೇ ನೋಡಿ ನಗುವುದಕ್ಕೂ ಇನ್ನೊಬ್ಬನನ್ನು ನೋಡಿ ನಗುವುದಕ್ಕೂ ಅನ್ವಯಿಸುತ್ತೇನೆ. ಶಾಸ್ತ್ರಜ್ಞರು ಆಕ್ಷೇಪಿಸಬಹುದು, ಆದರೆ ಕುವೈತಿನ ವಿಷಯದಲ್ಲಿ ಇದು ಬಹಳ ಕೆಲಸಕ್ಕೆ ಬರುತ್ತದೆ.

ಹೋಲಿಕೆಗೆ ಬ್ರಿಟನ್ನಿನ ಮಕ್ಕಳ ಕಿರುತೆರೆಯನ್ನು ಇಟ್ಟುಕೊಳ್ಳೋಣ. ಅಲ್ಲಿ ಈ ಪ್ರಕಾರದ ಅತಿ ದೀರ್ಘಾಯುಷಿ ಬಿಬಿಸಿಯ ‘ಚಕಲ್‌ವಿಷನ್’: 1987ರಿಂದ 2009ರವರೆಗೆ 292 ಕಂತು. ರಾದರ್‌ಹ್ಯಾಮ್‌ನ ಪಾಲ್ ಮತ್ತು ಬ್ಯಾರಿ ಎಲಿಯಟ್ ಎಂಬ ಅಣ್ಣತಮ್ಮಂದಿರು ಪ್ರತಿ ವಾರ ಒಂದು ಹೊಸ ಕೆಲಸಕ್ಕೆ ಕೈಹಾಕಿ ಕೆಡಿಸುತ್ತಿದ್ದರು. ಏಣಿ, ಹಲಗೆ, ಬಣ್ಣದ ಡಬ್ಬಿ. ಇಬ್ಬರೂ ಸೇರಿ ಭಾರವಾದ ಒಂದು ಸಾಮಾನನ್ನು ಎತ್ತುವಾಗ ‘ನನ್ನ ಕಡೆಗೆ, ನಿನ್ನ ಕಡೆಗೆ’ ಎಂಬ ಕೂಗು. ಅವರ ಹಿರಿಯ ಸಹೋದರರಾದ ಜಿಮ್ಮಿ ಮತ್ತು ಬ್ರಯಾನ್ ಕೂಡ ಗದರಿಸುವ ಪಾತ್ರಗಳಲ್ಲಿ ಬಂದುಹೋಗುತ್ತಿದ್ದರು. ತಂದೆಯೂ ರಂಗದ ಹಾಸ್ಯಗಾರ. ಅಂದರೆ ತೆರೆಯ ಹಿಂದೆ ಇದ್ದದ್ದು ನಮ್ಮ ಹಿರಣ್ಣಯ್ಯನವರ ಮನೆತನದಂಥ ಒಂದು ಕಲಾವಂತ ಕುಟುಂಬವೇ. ತೆರೆಯ ಮೇಲೆ ಮಾತ್ರ ಆ ಅಣ್ಣತಮ್ಮಂದಿರಿಗೆ ಅಮ್ಮ ಇಲ್ಲ, ಕಳೆದುಕೊಳ್ಳುವಂಥ ಆಸ್ತಿ ಇಲ್ಲ. ಬಿದ್ದರೆ ಮೈಗೆ ಬಣ್ಣ ಮೆತ್ತಿಕೊಳ್ಳುತ್ತದೆ, ಮುಂದಿನ ವಾರ ಮತ್ತೆ ಶುಭ್ರವಾಗಿ ಬರುತ್ತಾರೆ. ಜಾರಿದ್ದಕ್ಕೆ ಬೆಲೆ ತೆರಬೇಕಾಗಿಲ್ಲ. ಮಕ್ಕಳ ವೇಳೆಯಲ್ಲಿ ಆ ಹಾಸ್ಯಕ್ಕೆ ಜಾಗ ಸಿಕ್ಕಿದ್ದೂ ಆ ಕಾರಣಕ್ಕೇ.

‘ದರ್ಬ್ ಅಲ್ ಝಲಗ್’ನಲ್ಲೂ ಇಬ್ಬರು ಅಣ್ಣತಮ್ಮಂದಿರು, ಹುಸೇನ್ ಮತ್ತು ಸಾದ್. ಹುಸೇನನಾಗಿ ಅಬ್ದುಲ್ ಹುಸೇನ್ ಅಬ್ದುಲ್ ರಿದಾ, ಸಾದನಾಗಿ ಸಾದ್ ಅಲ್ ಫರಜ್. ಬರೆದವರು ಅಬ್ದುಲ್ ಅಮೀರ್ ಅಲ್ ತುರ್ಕಿ, ನಿರ್ದೇಶಕರು ಹಮ್ದಿ ಫರೀದ್. ಅಣ್ಣತಮ್ಮಂದಿರ ಹಳೆಯ ಮನೆಯನ್ನು ಸರ್ಕಾರ ವಶಪಡಿಸಿಕೊಂಡು ಪರಿಹಾರ ಕೊಡುತ್ತದೆ. ಆ ಹಣದಿಂದ ವ್ಯಾಪಾರ ಮಾಡಿ ದೊಡ್ಡವರಾಗುವ ಆಸೆ ಇಬ್ಬರಿಗೂ. ಒಂದಾದ ಮೇಲೊಂದು ಉದ್ಯಮ, ಒಂದಾದ ಮೇಲೊಂದು ಮುಗ್ಗರಿಕೆ. ನಾಯಿಗಳಿಗೆಂದು ತಯಾರಾದ ಮಾಂಸದ ಡಬ್ಬಿ ಅವರ ಸರಕಾಗುತ್ತದೆ. ಕೊನೆಕೊನೆಗೆ ಈಜಿಪ್ಟಿನ ಪಿರಮಿಡ್ಡನ್ನೇ ಕೊಂಡುಕೊಳ್ಳುವ ವ್ಯವಹಾರಕ್ಕೆ ಇಳಿಯುತ್ತಾರೆ. ಸೋದರಮಾವನ ಹೆಸರು ಗಹ್ತಾ. ಅರಬ್ಬಿಯಲ್ಲಿ ಬರಗಾಲಕ್ಕಿರುವ ಮಾತು ಅದು. ಅಲಿ ಅಲ್ ಮುಫೀದಿ ಮಾಡಿದ ಈ ಜಿಪುಣನ ಹೆಸರನ್ನು ಕನ್ನಡಕ್ಕೆ ತರಬೇಕೆಂದರೆ ‘ಬರಗೆಟ್ಟ ಮಾವ’ ಎನ್ನಬೇಕು. ಅಣ್ಣತಮ್ಮಂದಿರ ಅಮ್ಮನನ್ನು ಮದುವೆಯಾಗಲು ಹಂಬಲಿಸುವ ಬು ಸಾಲಿಹ್ ಆಗಿ ಖಾಲಿದ್ ಅಲ್ ನಫೀಸಿ ಇದ್ದಾರೆ.

ಮನೆಯ ಪರಿಹಾರ ಎಂಬ ಅಂಶವನ್ನು ಕೇವಲ ಕಥೆಯ ನೆಪವೆಂದು ದಾಟಿಹೋಗುವಂತಿಲ್ಲ. ಕುವೈತಿನಿಂದ ಮೊದಲ ಸಲ ಕಚ್ಚಾತೈಲ ಹಡಗು ಹತ್ತಿದ್ದು 1946ರಲ್ಲಿ. ಐದಾರು ವರ್ಷಗಳಲ್ಲೇ ಹಣ ಎಲ್ಲಿ ಹಾಕುವುದೆಂಬ ಪ್ರಶ್ನೆ ಎದುರಾಯಿತು. ಲಂಡನ್ನಿನ ನಗರಯೋಜಕರಾದ ಮಿನೊಪ್ರಿಯೊ, ಸ್ಪೆನ್ಸ್‌ಲಿ ಮತ್ತು ಮ್ಯಾಕ್‌ಫರ್ಲೇನ್ ಸಂಸ್ಥೆ ಸಿದ್ಧಪಡಿಸಿದ 1952ರ ನಕ್ಷೆಯ ಪ್ರಕಾರ ಹಳೆಯ ಊರನ್ನು ಕೆಡವಿ, ಅದರ ಹೊರಗೆ ವರ್ತುಲ ರಸ್ತೆಗಳ ನಡುವೆ ಹೊಸ ಬಡಾವಣೆಗಳನ್ನು ಕಟ್ಟುವುದೆಂದಾಯಿತು. ಹಳೆಯ ಮನೆಗಳನ್ನು ಸರ್ಕಾರ ಪೇಟೆಯ ದರಕ್ಕಿಂತ ಎಷ್ಟೋ ಹೆಚ್ಚು ಬೆಲೆಗೆ ಕೊಂಡಿತು. ಈ ಕ್ರಮಕ್ಕೆ ಅಲ್ಲಿನವರು ‘ತಸ್ಮೀನ್’ ಎನ್ನುತ್ತಾರೆ, ಅಂದರೆ ಬೆಲೆ ಕಟ್ಟುವುದು. ತೈಲದ ಲಾಭವನ್ನು ಪ್ರಜೆಗಳಿಗೆ ಹಂಚಲು ಆಳರಸರು ಕಂಡುಕೊಂಡ ದಾರಿಯೂ ಅದೇ ಆಗಿತ್ತು. 1920ರಲ್ಲಿ ಊರಿನ ಜನರೇ ಸೇರಿ ಎಬ್ಬಿಸಿದ ಮಣ್ಣಿನ ಕೋಟೆಗೋಡೆಯನ್ನು 1957ರಲ್ಲಿ ಉರುಳಿಸಲಾಯಿತು. ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು. ಗೋಡೆಯಿಲ್ಲದ ಆ ಬಾಗಿಲುಗಳು ಇಂದಿಗೂ ರಸ್ತೆಯ ಬದಿಯ ಹಸಿರಿನ ನಡುವೆ ನಿಂತಿವೆ. 1961ರವರೆಗೆ ಕುವೈತಿನಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಹಾಗಾಗಿ ಮೊದಮೊದಲ ಮನೆಗಳ ಬೆಲೆಯನ್ನು ಎಣಿಸಿದ್ದೂ ರೂಪಾಯಿಯಲ್ಲೇ.

ದೇವನಹಳ್ಳಿಯ ಸುತ್ತಮುತ್ತ ವಿಮಾನ ನಿಲ್ದಾಣ ಬಂದ ಕಾಲದಲ್ಲಿ ಜಮೀನು ಮಾರಿದವರನ್ನು ಹತ್ತಿರದಿಂದ ಕಂಡವರಿಗೆ ಹುಸೇನ್ ಮತ್ತು ಸಾದ್ ಅಪರಿಚಿತರಲ್ಲ. ಒಕ್ಕಣೆಯ ಕಣ ಹೋಗಿ ಕಾರು ಬರುತ್ತದೆ, ಕಾರಿನ ಹಿಂದೆಯೇ ಸಲಹೆಗಾರರು ಬರುತ್ತಾರೆ. ವ್ಯತ್ಯಾಸವೇನೆಂದರೆ, ಈ ಹಣದ ಕಥೆಯನ್ನು ನಾವು ಬಹುಪಾಲು ನಿಟ್ಟುಸಿರಿನಲ್ಲಿ ಹೇಳಿಕೊಂಡೆವು. ಕುವೈತಿನವರು ಅದನ್ನು ಪ್ರಹಸನವಾಗಿಸಿದರು. ಅದೂ ಯಾವಾಗ? 1973ರ ತೈಲಬೆಲೆ ಏರಿಕೆಯ ನಂತರ, ಎರಡನೆಯ ಸಲ ಹಣದ ಮಳೆ ಸುರಿಯುತ್ತಿದ್ದಾಗ. ಮೊದಲ ಮಳೆಯಲ್ಲಿ ಜಾರಿದವರ ಕಥೆಯನ್ನು ಎರಡನೆಯ ಮಳೆಯಲ್ಲಿ ನೆನೆಯುತ್ತಿದ್ದವರಿಗೆ ತೋರಿಸಿದಂತಾಯಿತು. ಅವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕವರು ಎಚ್ಚರಗೊಂಡರೆಂದು ಹೇಳುವಂತಿಲ್ಲ. ಐದೇ ವರ್ಷಕ್ಕೆ, 1982ರಲ್ಲಿ, ಹಿಂದೊಮ್ಮೆ ಒಂಟೆ ವ್ಯಾಪಾರ ನಡೆಯುತ್ತಿದ್ದ ಜಾಗದಲ್ಲಿ ತಲೆಯೆತ್ತಿದ್ದ ‘ಸೂಕ್ ಅಲ್ ಮನಾಖ್’ ಎಂಬ ಅನಧಿಕೃತ ಷೇರುಪೇಟೆ ಕುಸಿಯಿತು. ಮುಂದಿನ ದಿನಾಂಕ ಹಾಕಿ ಬರೆದ ಚೆಕ್ಕುಗಳ ಒಟ್ಟು ಮೊತ್ತ ಸುಮಾರು 9,400 ಕೋಟಿ ಡಾಲರ್. ಪಿರಮಿಡ್ಡು ಕೊಳ್ಳಹೊರಟವರೇ ಮೇಲು ಎನ್ನಬೇಕು, ಅವರು ಕಣ್ಣಿಗೆ ಕಾಣುವ ವಸ್ತುವಿಗೆ ಆಸೆಪಟ್ಟಿದ್ದರು. ಈ ಕುಸಿತವನ್ನೂ ಅಬ್ದುಲ್ ರಿದಾ ಬಿಡಲಿಲ್ಲ. ‘ಫುರ್ಸಾನ್ ಅಲ್ ಮನಾಖ್’ ಎಂಬ ನಾಟಕ ಮಾಡಿ ರಂಗಕ್ಕೇರಿಸಿದರು.

ಮತ್ತೆ ‘ದರ್ಬ್ ಅಲ್ ಝಲಗ್’ಗೆ ಬಂದರೆ, ಅದರ ಕೇಂದ್ರದಲ್ಲಿರುವುದು ಅಮ್ಮ, ಉಮ್ ಸಾದ್. ಈ ಪಾತ್ರವನ್ನು ಮಾಡಿದ್ದು ಗಂಡಸು, ಅಬ್ದುಲ್ ಅಜೀಜ್ ಅಲ್ ನಿಮಿಶ್. ಯಕ್ಷಗಾನದ ಸ್ತ್ರೀವೇಷವನ್ನು ನೋಡಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಆದರೆ ಹೆಣ್ಣುಮಕ್ಕಳು ಸಿಗದ ಕಾರಣ ಗಂಡಸು ಹೆಣ್ಣಾದ ಎಂಬ ವಿವರಣೆ 1977ಕ್ಕೆ ಒಪ್ಪುವುದಿಲ್ಲ. ಈಜಿಪ್ಟಿನ ರಂಗಗುರು ಝಕಿ ತುಲೈಮಾತ್ 1961ರಲ್ಲಿ ಕುವೈತಿಗೆ ಬಂದು ಅರಬ್ ರಂಗತಂಡವನ್ನು ಕಟ್ಟಿದಾಗಲೇ ಕುವೈತಿ ಹೆಣ್ಣುಮಕ್ಕಳು ರಂಗವೇರಿದ್ದರು. ಎಪ್ಪತ್ತರ ದಶಕದ ಹೊತ್ತಿಗೆ ಹಯಾತ್ ಅಲ್ ಫಹದ್, ಸುಆದ್ ಅಬ್ದುಲ್ಲಾ ಮನೆಮಾತಾಗಿದ್ದರು. ಹಾಗಿದ್ದೂ ನಿಮಿಶ್ ಅವರನ್ನೇ ಅಮ್ಮನಾಗಿಸಿದ್ದು ಬೇಕೆಂದೇ ಮಾಡಿದ ಆಯ್ಕೆ.

ಬ್ರಿಟನ್ನಿನಲ್ಲಿ ಕ್ರಿಸ್ಮಸ್ ಕಾಲಕ್ಕೆ ಮಕ್ಕಳಿಗಾಗಿ ಆಡುವ ಪ್ಯಾಂಟೊಮೈಮ್‌ನಲ್ಲಿ ‘ಡೇಮ್’ ಎಂಬ ಗಂಡು ಮುದುಕಿ ಇರುತ್ತಾಳೆ. ಸೀರೆಯೊಳಗಿನ ಮೀಸೆ ಕಾಣಿಸಬೇಕು, ಕಂಡಾಗಲೇ ಅಲ್ಲಿ ನಗು. ಯಕ್ಷಗಾನದ ಒಳ್ಳೆಯ ಸ್ತ್ರೀವೇಷಧಾರಿ ಇದಕ್ಕೆ ತದ್ವಿರುದ್ಧ: ಒಳಗಿನ ಗಂಡಸನ್ನು ನೋಡುಗ ಮರೆತರೆ ಅವನು ಗೆದ್ದ. ನಿಮಿಶ್ ಈ ಎರಡರ ನಡುವೆ ನಿಲ್ಲುತ್ತಾರೆ. ವೇಷ ಕಪ್ಪು ಅಬಾಯಾ, ದನಿಯಲ್ಲಿ ಗದರಿಕೆ. ಗಂಡಸೆಂಬುದು ಯಾರಿಗೂ ಮರೆತಿರುವುದಿಲ್ಲ, ಆದರೆ ಅದನ್ನೇ ಹಾಸ್ಯವಾಗಿ ಚಾಚುವುದೂ ಇಲ್ಲ. ನಿಜವಾದ ಹೆಂಗಸೊಬ್ಬಳ ಸುತ್ತ ವಿಧವೆಯ ಮರುಮದುವೆಯ ಹಾಸ್ಯವನ್ನು ಹೆಣೆದಿದ್ದರೆ ಇಡೀ ಮನೆ ಕೂತು ನೋಡುವುದಕ್ಕೆ ಮುಜುಗರವಾಗುತ್ತಿತ್ತು. ವೇಷದ ಒಂದು ಪದರ ಆ ಮುಜುಗರವನ್ನು ಹೀರಿಕೊಂಡಿತು ಎಂದು ನನಗನ್ನಿಸುತ್ತದೆ. ವಿಕೃತ ವೇಷ ಇಲ್ಲಿ ಮರ್ಯಾದೆಯನ್ನು ಕಾಯುತ್ತದೆ.

ಹೆಂಗಸರೇ ಮನೆಯ ಯಜಮಾನಿಕೆ ವಹಿಸಿಕೊಂಡ ಪ್ರಹಸನ 1983ರ ‘ಖಾಲತಿ ಗುಮಾಶಾ’. ಹಯಾತ್ ಅಲ್ ಫಹದ್ ಇದರಲ್ಲಿ ಅತ್ತೆ. ಮಕ್ಕಳು, ಸೊಸೆಯರು ಏನು ಮಾತಾಡುತ್ತಾರೆಂದು ಕದ್ದು ಕೇಳಲು ಕೋಣೆಗಳಿಗೆ ಯಂತ್ರವನ್ನೇ ಅಳವಡಿಸಿಕೊಂಡವಳು. ನಮ್ಮ ಧಾರಾವಾಹಿಗಳಲ್ಲಿ ಅತ್ತೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡರೆ ಗುಡುಗು ಸಿಡಿಲಿನ ಸದ್ದು ಹಾಕಿ ಮೂರು ಸಲ ಮುಖ ತೋರಿಸುತ್ತಾರೆ. ಕುವೈತಿನಲ್ಲಿ ಅದೇ ಸಂದರ್ಭಕ್ಕೆ ಜನ ಬಿದ್ದು ಬಿದ್ದು ನಕ್ಕರು. ಕನ್ನಡದಲ್ಲಿ ಇದಕ್ಕೆ ಹತ್ತಿರ ಬರುವುದು ಸಿಹಿಕಹಿ ಚಂದ್ರು ನಿರ್ದೇಶಿಸಿದ ‘ಪಾಪ ಪಾಂಡು’. ಹೆಂಡತಿಯ ಪೆಟ್ಟಿಗೆ ಹೆದರುವ ಗಂಡನ ಆ ಮನೆಯಲ್ಲಿ ಪೆಟ್ಟು ಸದ್ದಷ್ಟೇ ಆಗಿ ಉಳಿಯುತ್ತಿತ್ತು, ಕೊಮೆದಿಯಾದ ಹಲಗೆಗಳ ಹಾಗೆ.

ಇವೆಲ್ಲ ದೊಡ್ಡವರ ಧಾರಾವಾಹಿಗಳು, ಮಕ್ಕಳ ಕಿರುತೆರೆಗೆ ಇವುಗಳ ಸಂಬಂಧವೇನು ಎಂಬ ಪ್ರಶ್ನೆ ಬರುತ್ತದೆ. ಕುವೈತಿನಲ್ಲಿ ಮಕ್ಕಳಿಗೆಂದೇ ತಯಾರಾದ ದೊಡ್ಡ ಕಾರ್ಯಕ್ರಮ ‘ಇಫ್ತಹ್ ಯಾ ಸಿಮ್‌ಸಿಮ್’. ಅಮೆರಿಕದ ‘ಸೆಸಮಿ ಸ್ಟ್ರೀಟ್’ನ ಅರಬ್ಬಿ ರೂಪ, ಕೊಲ್ಲಿ ರಾಷ್ಟ್ರಗಳು ಸೇರಿ ಕಟ್ಟಿದ ಜಂಟಿ ನಿರ್ಮಾಣ ಸಂಸ್ಥೆ ಇದನ್ನು ಕುವೈತಿನಲ್ಲಿ ತಯಾರಿಸಿತು, 1979ರಲ್ಲಿ ಪ್ರಸಾರ ಆರಂಭವಾಯಿತು. ಇದರ ಭಾಷೆ ಫುಸ್‌ಹಾ, ಅಂದರೆ ಎಲ್ಲ ಅರಬ್ ದೇಶಗಳಿಗೂ ಸಲ್ಲುವ ಶಿಷ್ಟ ಅರಬ್ಬಿ. ಯಾವ ಮಗುವೂ ಮನೆಯಲ್ಲಿ ಆ ಭಾಷೆ ಆಡುವುದಿಲ್ಲ. ಅಮ್ಮ ಗದರುವ, ಮಾವ ಜಿಪುಣತನ ಮಾಡುವ, ಅಣ್ಣತಮ್ಮ ಜಗಳವಾಡುವ ಭಾಷೆ ಕುವೈತಿ ಆಡುಮಾತು. ಆ ಭಾಷೆ ತೆರೆಯ ಮೇಲೆ ಸಿಗುತ್ತಿದ್ದದ್ದು ಇಡೀ ಮನೆ ಕೂತು ನೋಡುವ ಪ್ರಹಸನದಲ್ಲಿ. ಮಕ್ಕಳ ಕಾರ್ಯಕ್ರಮ ಮಕ್ಕಳಿಗೆ ಅಕ್ಷರ ಕಲಿಸಿತು. ನಗು ಕಲಿಸಿದ್ದು ದೊಡ್ಡವರ ಕಾರ್ಯಕ್ರಮ. ಬಿಬಿಸಿಯಲ್ಲಿ ಸ್ಲಾಪ್‌ಸ್ಟಿಕ್‌ಗೆ ಸಂಜೆಯ ಒಂದು ಪ್ರತ್ಯೇಕ ಕೋಣೆಯೇ ಇತ್ತು. ಕುವೈತಿನಲ್ಲಿ ಆ ಕೋಣೆಯ ಗೋಡೆ ಎದ್ದಿರಲೇ ಇಲ್ಲ. ಹಳೆಯ ಊರನ್ನು ಕಣ್ಣಾರೆ ಕಂಡಿರದ ಪೀಳಿಗೆಗಳು ಅದರ ಓಣಿಯನ್ನು, ಒಳಾಂಗಣವನ್ನು, ಬಾಗಿಲಲ್ಲಿ ನಿಂತು ಕೂಗುವ ಅಮ್ಮನನ್ನು ತಿಳಿದುಕೊಂಡದ್ದು ‘ದರ್ಬ್ ಅಲ್ ಝಲಗ್’ನ ಮರುಪ್ರಸಾರಗಳಿಂದ. ಹುಸೇನ್, ಸಾದರ ಮಾತುಗಳು ಗಾದೆಗಳಂತೆ ಬಳಕೆಯಲ್ಲಿ ಉಳಿದಿವೆ.

ಆ ಆಡುಮಾತಿನಲ್ಲಿ ಕನ್ನಡದ ಕಿವಿಗೆ ಥಟ್ಟನೆ ಸಿಗುವ ಪದಗಳೂ ಇವೆ. ನೇರವಾಗಿ ಎನ್ನಲು ಕುವೈತಿಗಳು ‘ಸೀದಾ’ ಎನ್ನುತ್ತಾರೆ, ಫ್ಯಾನಿಗೆ ‘ಬಂಕಾ’ ಎನ್ನುತ್ತಾರೆ. ಖರ್ಜೂರ ಹೊತ್ತು ಬಂದು ಮಲಬಾರಿನ ಸಾಗುವಾನಿ ಹೊತ್ತು ಮರಳುತ್ತಿದ್ದ ಹಾಯಿಹಡಗುಗಳ ಕಾಲದಿಂದ ನಮ್ಮ ಕರಾವಳಿಯ ಉದ್ದಕ್ಕೂ ಅವರ ವ್ಯವಹಾರವಿತ್ತು. ಪದಗಳೂ ಸರಕಿನ ಜೊತೆ ಹಡಗು ಹತ್ತಿದವು. ತೈಲದ ನಂತರ ದಿಕ್ಕು ತಿರುಗಿತು. ಮಂಗಳೂರು, ಉಡುಪಿ ಕಡೆಯ ಸಾವಿರಾರು ಮನೆಗಳವರು ಸಾಲ್ಮಿಯಾ, ಫಹಾಹೀಲ್, ಅಬ್ಬಾಸಿಯಾಗಳಲ್ಲಿ ನೆಲೆಸಿದರು, ಅಲ್ಲಿಯೂ ತುಳು ನಾಟಕ ಆಡಿದರು.

ಹುಸೇನನ ಪಾತ್ರ ಮಾಡಿದ ಅಬ್ದುಲ್ ಹುಸೇನ್ ಅಬ್ದುಲ್ ರಿದಾ 2017ರ ಆಗಸ್ಟ್ 11ರಂದು ಲಂಡನ್ನಿನಲ್ಲಿ ತೀರಿಕೊಂಡರು. ಲಂಡನ್ನಿಗೆ ಮೋಜಿಗೆಂದು ಹೋಗುವ ಕೊಲ್ಲಿಯ ಸಾಹುಕಾರನನ್ನು ಅವರು 1981ರ ‘ಬೈ ಬೈ ಲಂಡನ್’ ನಾಟಕದಲ್ಲಿ ಆಡಿತೋರಿಸಿದ್ದರು. ಇರಾಕಿನ ಆಕ್ರಮಣ ಮುಗಿದ ಮೇಲೆ 1992ರಲ್ಲಿ ‘ಸೈಫ್ ಅಲ್ ಅರಬ್’ನಲ್ಲಿ ಸದ್ದಾಮ್ ಹುಸೇನನನ್ನೂ ನಗೆಗೀಡು ಮಾಡಿದರು. ಆದರೂ ಅವರ ಹಾಸ್ಯದ ಬೇರು ಆತ್ಮಸ್ಥವಾದದ್ದು. ಜಾರುವವನು ಮನೆಯ ಯಜಮಾನ, ನಗುವವನೂ ಅವನೇ.

ನಂತರದ ದಶಕಗಳ ಕೊಲ್ಲಿ ಹಾಸ್ಯದಲ್ಲಿ ಇದು ಬದಲಾಗುತ್ತ ಬಂತು. ಮನೆ ಬಂಗಲೆಯಾಯಿತು, ಅಡುಗೆಯವನು, ಡ್ರೈವರು, ಕೆಲಸದಾಕೆ ಕಥೆಯೊಳಗೆ ಬಂದರು. ಒಡೆದ ಅರಬ್ಬಿ ಮಾತಾಡುವ ಭಾರತದ ಅಡುಗೆಯವನು ಒಂದು ಸಿದ್ಧ ಪಾತ್ರವಾದ. ತಟ್ಟೆ ಬೀಳುವುದು ಅವನ ಕೈಯಿಂದ, ಬೈಗುಳ ಬೀಳುವುದು ಅವನ ಮೇಲೆ. ಹಾಸ್ಯ ಇಲ್ಲಿ ಪರಸ್ಥವಾಗುತ್ತದೆ. ಅವನ ವ್ಯಾಕರಣ ತಪ್ಪಿದಾಗಲೆಲ್ಲ ಮನೆಯವರು ನಗುತ್ತಾರೆ. ನಕ್ಕು ಮುಗಿಸಿ, ಅಂಗಡಿಗೆ ಎಲ್ಲೂ ನಿಲ್ಲದೆ ‘ಸೀದಾ’ ಹೋಗಿ ಬಾ ಎನ್ನುತ್ತಾರೆ.